ಭುಜದ ಮೇಲಿನ ನಾಲ್ಕು ಪಟ್ಟಿ

ರಬಕವಿ-ಬನಹಟ್ಟಿಯಲ್ಲಿ ಸೀರೆ ಕೈಗೆ ಬಂದರೆ ಕಣ್ಣು ಮೊದಲು ದಡಿಗೆ ಹೋಗುತ್ತದೆ. ನೇಕಾರರ ಊರಿನ ಅಭ್ಯಾಸವೇ ಇರಬೇಕು, ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಪೈಲಟ್ ಎದುರಾದರೆ ನಾನು ನೋಡುವುದು ಬಿಳಿ ಅಂಗಿಯ ಭುಜದ ಪಟ್ಟಿಗಳನ್ನು. ನಾಲ್ಕಿದ್ದರೆ ಕ್ಯಾಪ್ಟನ್, ಮೂರಿದ್ದರೆ ಸಾಮಾನ್ಯವಾಗಿ ಫಸ್ಟ್ ಆಫೀಸರ್. ಇಷ್ಟು ಕಡಿಮೆ ದಾರದಲ್ಲಿ ಇಷ್ಟೊಂದು ಜವಾಬ್ದಾರಿ ಹೇಳುವ ಉಡುಪು ಇನ್ನೊಂದಿಲ್ಲ ಎನ್ನುತ್ತೇನೆ.

ಈ ಉಡುಪಿನ ಮೂಲ ಹಡಗು. 1930ರ ದಶಕದಲ್ಲಿ ನೀರಿನ ಮೇಲಿಳಿಯುವ ವಿಮಾನ ಓಡಿಸುತ್ತಿದ್ದ ಅಮೆರಿಕದ ಪ್ಯಾನ್ ಆಮ್ ಕಂಪನಿ ತನ್ನ ಪೈಲಟ್‌ಗಳಿಗೆ ನೌಕಾಧಿಕಾರಿಗಳಂಥ ಕೋಟು, ಟೋಪಿ ತೊಡಿಸಿತು. ಹಾರಲು ಅಂಜುವ ಪ್ರಯಾಣಿಕರಿಗೆ ಅದನ್ನು ಕಂಡರೆ ಧೈರ್ಯ.

ಆದರೆ ಪಟ್ಟಿಗೆ ಭಾರವೂ ಉಂಟು. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಮಂಜಿತ್ತು, ರೇಡಿಯೊ ಮಾತಿನ ಗೊಂದಲವಿತ್ತು. ಜೊತೆಗೆ, ಒಂದು ವಿಮಾನದಲ್ಲಿ ಫ್ಲೈಟ್ ಎಂಜಿನಿಯರ್ ಎತ್ತಿದ ಶಂಕೆಯನ್ನು ಹಿರಿಯ ಕ್ಯಾಪ್ಟನ್ ತಳ್ಳಿಹಾಕಿದ್ದರು. ಆಮೇಲಿನ ವರ್ಷಗಳಲ್ಲಿ ಕಾಕ್‌ಪಿಟ್‌ನ ನಡವಳಿಕೆಯೇ ತರಬೇತಿಯ ಪಾಠವಾಯಿತು: ತಪ್ಪು ಕಂಡರೆ ಕಿರಿಯರು ಹೇಳಲೇಬೇಕು, ಹಿರಿಯರು ಕೇಳಲೇಬೇಕು. ದೊಡ್ಡವರಿಗೆ ಎದುರಾಡಬಾರದೆಂದು ಬೆಳೆಯುವ ನಮ್ಮ ಜಮಖಂಡಿ, ಮುಧೋಳದ ಹುಡುಗರಿಗೆ ಇದು ಸುಲಭವಲ್ಲ. ಅದಕ್ಕೇ ಈ ಶಿಸ್ತಿನ ಮೇಲೆ ನನಗೆ ಅಷ್ಟು ಗೌರವ.

ಈ ಪಟ್ಟಿ ಹೆಣ್ಣಿನ ಭುಜಕ್ಕೂ ಒಪ್ಪುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ದಾರಿಯಲ್ಲಿ ಬೆಂಗಳೂರಿಗೆ ಏರ್ ಇಂಡಿಯಾ ವಿಮಾನ ತಂದಿಳಿಸಿದರು. ಅವರ ಚಿತ್ರ ಬೀಳಗಿಯ ಹೆಣ್ಣುಮಕ್ಕಳ ಶಾಲೆಯ ಗೋಡೆಯ ಮೇಲೂ ಇರಬೇಕೆಂದು ನನ್ನ ಆಸೆ.