ಖಾನರಿಗೆ ಊಟ, ಕಾಲಾಳಿಗೆ ಕೆರೆ ನೀರು

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸೀಮೆಯಲ್ಲಿ ಕುರುಕ್ಷೇತ್ರ ನಾಟಕ ಆಡದ ಊರು ಸಿಗೋದು ಕಷ್ಟ. ನಮ್ಮ ಜಿಲ್ಲೆಯದೇ ಆದ ಗುಬ್ಬಿ ಕಂಪನಿ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದು ಆಡಿದ ನಾಟಕ ಅದು. ಈಗಲೂ ಊರಿನವರು ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಿ, ಬೆಳಗಿನ ಜಾವದ ತನಕ ಕಂದಪದ್ಯ ಹಾಡುತ್ತಾರೆ. ಭೀಷ್ಮನಿಗೆ ಹಾಡುಂಟು, ದ್ರೋಣನಿಗುಂಟು, ಶಕುನಿಗೂ ಉಂಟು. ಸತ್ತ ಹದಿನೆಂಟು ಅಕ್ಷೋಹಿಣಿಗೆ ಮಾತ್ರ ಒಂದು ಸಾಲಿನ ಮಾತಿಲ್ಲ.

ಭೀಷ್ಮನನ್ನು ಅಜ್ಜನಾಗಿ, ಬ್ರಹ್ಮಚಾರಿಯಾಗಿ, ಜ್ಞಾನಿಯಾಗಿ ನೋಡಿ ಕಣ್ಣೀರು ಹಾಕಿದ್ದೇವೆ. ಅವನನ್ನು ಸೇನಾಪತಿಯಾಗಿ ನೋಡಿದವರುಂಟೆ? ಪಟ್ಟ ಕಟ್ಟಿಸಿಕೊಳ್ಳುವಾಗಲೇ ಅವನು ಹಾಕಿದ ಕರಾರು ಏನು? ಪಾಂಡುವಿನ ಮಕ್ಕಳನ್ನು ಕೊಲ್ಲೋದಿಲ್ಲ, ಅದರ ಬದಲು ದಿನಕ್ಕೆ ಹತ್ತು ಸಾವಿರ ಯೋಧರನ್ನು ಕೊಲ್ಲುತ್ತೇನೆ. ಅಂದರೆ ಜಗಳ ಯಾರ ಮೇಲೋ ಅವರು ಬದುಕಬೇಕು, ಜಗಳಕ್ಕೆ ಸಂಬಂಧವೇ ಇಲ್ಲದವನು ಸಾಯಬೇಕು. ಜೊತೆಗೆ ಕರ್ಣನನ್ನು ಅರ್ಧರಥ ಎಂದು ಹೀಯಾಳಿಸಿ, ಸೂತನ ಮನೆಯಲ್ಲಿ ಬೆಳೆದ ಆ ವೀರ ಹತ್ತು ದಿನ ರಣರಂಗದ ಹೊರಗೇ ಕೂರುವಂತೆ ಮಾಡಿದ. ಆಚೆ ಕಡೆಯೂ ಕಮ್ಮಿಯಿಲ್ಲ. ಹಿಡಿಂಬೆಯ ಮಗ ಘಟೋತ್ಕಚ ಸತ್ತಾಗ ಪಾಂಡವರ ಪಾಳೆಯದಲ್ಲಿ ಎಲ್ಲರೂ ಅಳುತ್ತಿದ್ದರೆ ಕೃಷ್ಣ ಸಂತೋಷದಿಂದ ಕುಣಿದ. ಯಾಕಂದ್ರೆ ಅರ್ಜುನನಿಗಾಗಿ ಕರ್ಣ ಬಚ್ಚಿಟ್ಟಿದ್ದ ಶಕ್ತ್ಯಾಯುಧ ಕಾಡಿನವಳ ಮಗನ ಮೇಲೆ ಖರ್ಚಾಗಿತ್ತು. ಹೀಗೆ ಓದಿದರೆ ಕೆಲವರಿಗೆ ಕೋಪ ಬರುತ್ತದೆ. ಬರಲಿ.

ಪುರಾಣ ಬಿಟ್ಟು ಚರಿತ್ರೆಗೆ ಬರೋಣ. ಜಗತ್ತಿನ ಅತಿ ಕೆಟ್ಟ ಸೇನಾಪತಿಗಳು ಯಾರು ಅಂತ ಪಟ್ಟಿ ಮಾಡುವುದು ಓದಿದವರಿಗೆ ಒಂದು ಆಟ. 1812ರಲ್ಲಿ ರಷ್ಯಾದ ಹಿಮಕ್ಕೆ ಲಕ್ಷಾಂತರ ಜನರನ್ನು ಬಲಿಕೊಟ್ಟ ನೆಪೋಲಿಯನ್ ಆ ಪಟ್ಟಿಗೆ ಬರುವುದು ಕಮ್ಮಿ. ಅವನ ಹೆಸರು 'ಶ್ರೇಷ್ಠ'ರ ಪಟ್ಟಿಯಲ್ಲಿರುತ್ತದೆ. ಕಾರ್ನ್‌ವಾಲಿಸ್ 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೈನ್ಯಸಮೇತ ಶರಣಾದ. 1786ರಲ್ಲಿ ಅದೇ ದೊರೆ ನಮ್ಮ ದೇಶಕ್ಕೆ ಗವರ್ನರ್ ಜನರಲ್ ಆಗಿ ಬಂದ! 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲ ತನಕ ಹೋಗಿ, ಮೇವಿಲ್ಲದೆ ಎತ್ತುಗಳು ಸತ್ತು, ದೊಡ್ಡ ತೋಪುಗಳನ್ನು ತಾನೇ ಒಡೆಸಿ ಹಿಂದಿರುಗಿದ. ದಂಡಿನ ಹಿಂದೆ ಹೋದ ಕೂಲಿ ಜನ ಸತ್ತ ಎತ್ತಿನ ಕೊಳೆತ ಮಾಂಸ ತಿಂದು ದಿನ ದೂಡಿದರೆಂದು ಇಂಗ್ಲಿಷರೇ ಬರೆದಿಟ್ಟಿದ್ದಾರೆ. ಮಾರನೆ ವರ್ಷ ಗೆದ್ದ ನೋಡಿ, ಇದೆಲ್ಲ ಅಳಿಸಿಹೋಯ್ತು. ಈ ಪಟ್ಟಿಗಳ ಅಳತೆಗೋಲು ನಕ್ಷೆ. ನಕ್ಷೆ ಹಿಗ್ಗಿದರೆ ಒಳ್ಳೆಯವ, ಕುಗ್ಗಿದರೆ ಕೆಟ್ಟವ. ಸತ್ತ ಎತ್ತನ್ನು ತಿಂದವರು ಯಾವ ಕೇರಿಯವರು ಎಂದು ಕೇಳುವ ಅಳತೆ ಅದರಲ್ಲಿಲ್ಲ. ನಾವು ಆ ಅಳತೆಯಿಂದಲೇ ನೋಡಬೇಕಾದವರು.

ನಮ್ಮವರ ಬರವಣಿಗೆಗೆ ಇನ್ನೊಂದು ರೋಗ ಇದೆ. ನಮ್ಮ ಕಡೆಯ ದೊರೆ ಸೋಲುವುದೇ ಇಲ್ಲ, ಅವನಿಗೆ ಯಾರೋ ದ್ರೋಹ ಮಾಡಿರುತ್ತಾರೆ. 1565ರ ಜನವರಿ 23ರ ರಕ್ಕಸತಂಗಡಿ ಯುದ್ಧವನ್ನು ನೋಡಿ. ಇಬ್ಬರು ಮುಸ್ಲಿಂ ಸರದಾರರು ಕೈಕೊಟ್ಟರು, ಆದ್ದರಿಂದ ವಿಜಯನಗರ ಬಿತ್ತು ಎಂದು ಹೇಳಿ ಮುಗಿಸುತ್ತಾರೆ. 1567ರಲ್ಲಿ ಅಲ್ಲಿಗೆ ಬಂದಿದ್ದ ಇಟಲಿಯ ವ್ಯಾಪಾರಿ ಸೀಸರ್ ಫ್ರೆಡರಿಕ್ ಬರೆದ ಮಾತದು, ನಿಜವೇ ಇರಬಹುದು. ಆದರೆ ಕುದುರೆ ಹತ್ತಿ ಎಂದ ಸರದಾರರ ಮಾತು ಕೇಳದೆ ಪಲ್ಲಕ್ಕಿಯಲ್ಲೇ ಕೂತ, ಇದೆಲ್ಲ ಮಕ್ಕಳಾಟ ಎಂದ ರಾಮರಾಯನ ಬಗ್ಗೆ ಫೆರಿಷ್ತಾ ಬರೆದದ್ದೂ ಇದೆಯಲ್ಲ? ಅದನ್ನು ಯಾಕೆ ಮೆಲ್ಲಗೆ ದಾಟಿಸುತ್ತೀರಿ?

ಅದಕ್ಕಿಂತ ದೊಡ್ಡ ಪ್ರಶ್ನೆ ಯುದ್ಧ ಮುಗಿದ ಮೇಲಿನದು. ರಾಮರಾಯನ ತಲೆ ಬಿದ್ದ ಸುದ್ದಿ ತಿಳಿದೊಡನೆ ತಮ್ಮ ತಿರುಮಲರಾಯ 550 ಆನೆಗಳ ಮೇಲೆ ಚಿನ್ನ, ವಜ್ರ, ಸಿಂಹಾಸನ ಹೇರಿಕೊಂಡು, ಕಾವಲಿಗೆ ನಂಬಿಕಸ್ಥ ಸೈನಿಕರನ್ನು ಕಟ್ಟಿಕೊಂಡು ನಗರ ಬಿಟ್ಟ. ಬಂದದ್ದು ಎಲ್ಲಿಗೆ? ನಮ್ಮ ಮಧುಗಿರಿ ಪಾವಗಡದ ಪಕ್ಕದ ಪೆನುಕೊಂಡೆಗೆ. ಹಿಂದೆ ಉಳಿದ ಊರಿಗೆ ಕಾವಲಿಲ್ಲ. ಉಳಿದಿದ್ದ ಸಿಪಾಯಿ ಬೊಕ್ಕಸ ಕಾಯಲು ಹೋಗಿದ್ದಾನೆ. 1900ರಲ್ಲಿ ಹಂಪಿಯ ಕತೆ ಬರೆದ ರಾಬರ್ಟ್ ಸೀವೆಲ್ ಈ ಆನೆಗಳ ಲೆಕ್ಕವನ್ನೂ ಕೊಡುತ್ತಾನೆ, ಅದೇ ಉಸಿರಿನಲ್ಲಿ ನಗರವನ್ನು ಮೊದಲು ದೋಚಿದವರು ಲಂಬಾಣಿಗಳು, ಕುರುಬರು, ಕಾಡುಜನ ಎಂದೂ ಹೇಳುತ್ತಾನೆ. ಪಾವಗಡದ ತಾಂಡಾಗಳಲ್ಲಿ, ಶಿರಾದ ಕುರಿ ಹಟ್ಟಿಗಳಲ್ಲಿ ಕೂತು ಇದನ್ನು ಓದಿ ಗೆಳೆಯರೆ. 550 ಆನೆ ಹೇರಿಕೊಂಡು ಹೋದವನು 'ಬೊಕ್ಕಸದೊಂದಿಗೆ ತೆರಳಿದ'. ಬಾಗಿಲು ತೆರೆದು ಬಿದ್ದಿದ್ದ ಅಂಗಡಿಯಿಂದ ಕಾಳು ಹೊತ್ತವನು 'ದರೋಡೆಕೋರ'. ಭಾಷೆ ಯಾರ ಕೈಯಲ್ಲಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ಈಗ ಶಿರಾಕ್ಕೆ ಬರೋಣ. ನಮ್ಮ ದೃಷ್ಟಿಯಲ್ಲಿ ಈ ಸೀಮೆ ಕಂಡ ಅತಿ ಕೆಟ್ಟ ದಂಡನಾಯಕ ಇಲ್ಲಿಂದಲೇ ಆಳಿದವನು. 1687ರಲ್ಲಿ ಔರಂಗಜೇಬನ ಪರವಾಗಿ ಬಂದ ಖಾಸಿಂ ಖಾನ್ ಬೆಂಗಳೂರನ್ನು ಹಿಡಿದು, ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮಾರಿ (ಊರನ್ನು ಜನರ ಸಮೇತ, ದನದ ಸಂತೆಯ ಹಾಗೆ), ಶಿರಾವನ್ನು ಮೊಗಲರ ಹೊಸ ಪ್ರಾಂತ್ಯಕ್ಕೆ ರಾಜಧಾನಿ ಮಾಡಿಕೊಂಡ. 1695ರ ನವೆಂಬರಿನಲ್ಲಿ ಮರಾಠ ಸರದಾರ ಸಂತಾಜಿ ಘೋರ್ಪಡೆಯನ್ನು ಅಡ್ಡಗಟ್ಟಲು ಬಾದಶಹ ಅಪ್ಪಣೆ ಕೊಟ್ಟ. ಖಾನಾಜಾದ್ ಖಾನ್ ಮುಂತಾದ ದೊಡ್ಡ ಮನೆತನದ ಸರದಾರರನ್ನು ಸಹಾಯಕ್ಕೂ ಕಳಿಸಿದ.

ದೊಡ್ಡವರು ನೆಂಟರಾಗಿ ಬಂದರೆ ಏನು ಮಾಡಬೇಕು? ಖಾಸಿಂ ಖಾನ್ ಔತಣಕ್ಕೆ ತಯಾರಿ ನಡೆಸಿದ. ಆದವಾನಿ ಕೋಟೆಯಲ್ಲಿದ್ದ ಚಿನ್ನದ, ಬೆಳ್ಳಿಯ, ಚೀನಾ ಪಿಂಗಾಣಿಯ ಪಾತ್ರೆಗಳನ್ನು, ಬೆಲೆಬಾಳುವ ಡೇರೆಗಳನ್ನು ತರಿಸಿ ದಂಡಿಗಿಂತ ಎರಡು ಹರದಾರಿ ಮುಂದಕ್ಕೆ ಸಾಗಿಸಿದ. ಶತ್ರು ಎಲ್ಲಿದ್ದಾನೆ ಎಂಬ ಸುದ್ದಿಯಿಲ್ಲ, ಪಿಂಗಾಣಿ ಮಾತ್ರ ಮುಂದೆ! ಸಂತಾಜಿ ತನ್ನ ದಂಡನ್ನು ಮೂರು ಪಾಲು ಮಾಡಿದ. ಒಂದು ಪಾಲು ಮುಂದಿನ ಡೇರೆಗಳನ್ನು ದೋಚಿತು. ಸುದ್ದಿ ಕೇಳಿ ಓಡಿಬಂದ ಖಾಸಿಂ ಖಾನನನ್ನು ಎರಡನೆಯದು ದಾರಿಯಲ್ಲೇ ತಡೆಯಿತು. ಖಾನಾಜಾದ್ ಖಾನ್ ಎದ್ದು ಅವನ ನೆರವಿಗೆ ಹೊರಟ ಮೇಲೆ ಕಾವಲಿಲ್ಲದ ಹಿಂದಿನ ಪಾಳೆಯವನ್ನು ಮೂರನೆಯದು ಗುಡಿಸಿ ಹಾಕಿತು. ಮದ್ದುಗುಂಡು, ದಿನಸಿ, ಎಲ್ಲ ಹೋಯ್ತು. ಉಳಿದವರು ಕಾದಾಡುತ್ತಾ ದೊಡ್ಡೇರಿಯ ಕೆರೆಯ ಹತ್ತಿರಕ್ಕೆ ಬಂದು ಬಿದ್ದರು. ದೊಡ್ಡೇರಿ ಇರೋದು ಚಳ್ಳಕೆರೆ ಸೀಮೆಯಲ್ಲಿ, ನಮ್ಮ ಶಿರಾ ಪಾವಗಡದ ನೆರೆಯಲ್ಲೇ. ನಾವು ಶಾಲೆಯಲ್ಲಿ ಓದಿದ ಯಾವ ಪಾಠದಲ್ಲೂ ಈ ಊರಿನ ಹೆಸರಿರಲಿಲ್ಲ.

ಅಲ್ಲಿದ್ದ ಪುಟ್ಟ ಕೋಟೆಯ ಕಾವಲಿನವರು ಬಾಗಿಲು ಹಾಕಿಕೊಂಡರು. ಕೆರೆಯ ದಂಡೆಯಲ್ಲಿ ನಡೆದದ್ದನ್ನು ಆ ಕಾಲದ ಫಾರಸಿ ಬರಹಗಾರರು ಬರೆದಿದ್ದಾರೆ, ಜದುನಾಥ ಸರ್ಕಾರ್ ಅದನ್ನು ಇಂಗ್ಲಿಷಿಗೆ ತಂದಿದ್ದಾರೆ. ಇಬ್ಬರು ಖಾನರು ತಮ್ಮ ಬಳಿ ಇದ್ದ ಊಟವನ್ನು ಇತರ ಸರದಾರರ ಜೊತೆ ಹಂಚಿಕೊಂಡು ಉಂಡರು. ಸಾಮಾನ್ಯ ಸಿಪಾಯಿಗೆ ಕೆರೆಯ ನೀರು ಬಿಟ್ಟರೆ ಇನ್ನೇನೂ ಸಿಗಲಿಲ್ಲ. ಬರೆದವನು ಇದನ್ನು ಖಾನರ ದೊಡ್ಡಗುಣ ಎಂದೇ ತಿಳಿದಿರಬೇಕು. ಪಂಕ್ತಿಭೇದದ ಊಟ ಏನು ಅಂತ ಗೊತ್ತಿರುವ ನಮಗೆ ಈ ಒಂದು ವಾಕ್ಯ ಸಾಕು. ಪಿಂಗಾಣಿಯ ತಟ್ಟೆ ಹೋದರೂ ಪಂಕ್ತಿ ಹೋಗಲಿಲ್ಲ. ಸಾವು ನಾಲ್ಕೂ ದಿಕ್ಕಿಗೆ ಸುತ್ತುಗಟ್ಟಿ ನಿಂತಾಗಲೂ ಯಾರು ಯಾರ ಜೊತೆ ಉಣ್ಣಬೇಕು ಎಂಬ ಲೆಕ್ಕ ತಪ್ಪಲಿಲ್ಲ.

ಮೂರು ದಿನ ಹೀಗೆ ಕಳೆಯಿತು. ನಾಲ್ಕನೆ ದಿನ ಚಿತ್ರದುರ್ಗದ ಭರಮಪ್ಪನಾಯಕ ಕಳಿಸಿದ ಸಾವಿರಾರು ಬಂದೂಕಿನ ಕಾಲಾಳುಗಳು ಸಂತಾಜಿಯ ಕಡೆ ಬಂದು ಸೇರಿದರು. ಎರಡೂ ಪಾಳೆಯದಲ್ಲಿ, ದಾರಿಯಲ್ಲಿ, ಕೆರೆಯ ದಂಡೆಯಲ್ಲಿ ಸೇರಿ ಮೊಗಲರ ದಂಡಿನ ಮೂರರಲ್ಲೊಂದು ಪಾಲು ಸತ್ತಿತ್ತು. ಉಳಿದವರು ಕೋಟೆಯೊಳಕ್ಕೆ ನುಗ್ಗಿದರು. ಮೊದಲ ದಿನ ಕಣಜದಲ್ಲಿದ್ದ ಜೋಳ ಸಜ್ಜೆಯ ರೊಟ್ಟಿ ಸಿಕ್ಕಿತು, ದನಕುದುರೆಗೆ ಮನೆಯ ಮೇಲ್ಛಾವಣಿಯ ಹುಲ್ಲು. ಎರಡನೆ ದಿನ ಅದೂ ಇಲ್ಲ. ಹಸಿದ ಕುದುರೆಗಳು ಹುಲ್ಲೆಂದು ತಿಳಿದು ಒಂದರ ಬಾಲ ಇನ್ನೊಂದು ಅಗಿದವಂತೆ. ಗೋಡೆಯಿಂದ ಹಾರಿ ಶತ್ರುವಿನ ಕೈಗೆ ಬಿದ್ದವರೂ ಉಂಟು. ಖಾಸಿಂ ಖಾನ್ ಅಲ್ಲೇ ಸತ್ತ. ಅಫೀಮಿನ ಚಟದವನು, ಅಫೀಮು ಸಿಗದೆ ಸತ್ತ ಅಂತ ಒಂದು ಮಾತು. ಬಾದಶಹನಿಗೆ ಮುಖ ತೋರಿಸಲಾರದೆ ವಿಷ ಕುಡಿದ ಅಂತ ಇನ್ನೊಂದು. ಖಾನಾಜಾದ್ ಖಾನ್ 20 ಲಕ್ಷ ರೂಪಾಯಿ ದಂಡ ಒಪ್ಪಿ, ಆನೆ, ಕುದುರೆ, ಸರಂಜಾಮು ಬಿಟ್ಟುಕೊಟ್ಟು ಹೊರಬಂದ. ಆ 20 ಲಕ್ಷ ಖಾನರ ತೋಳ್ಬಲದಿಂದ ದುಡಿದದ್ದಲ್ಲ, ಯಾವ ಯಾವ ಹೊಲದ ರಾಗಿ ಜೋಳವೋ ಅದು.

ಖಾಸಿಂ ಖಾನ್ ಸೋತದ್ದಕ್ಕೆ ಅವನನ್ನು ಕೆಟ್ಟವನೆನ್ನುತ್ತಿಲ್ಲ. ಸಂತಾಜಿಯಂಥವನ ಎದುರು ಒಳ್ಳೆಯವರೂ ಸೋತಿದ್ದಾರೆ. ಮೊಗಲ ಎಂಬ ಕಾರಣಕ್ಕೂ ಅಲ್ಲ. ಹಾಗೆ ತೀರ್ಪು ಕೊಡುವವರು ಪೆನುಕೊಂಡೆಯ ದಾರಿಯ 550 ಆನೆಗಳ ಬಗ್ಗೆ ಮೊದಲು ಬಾಯಿ ಬಿಡಲಿ. ಅವನ ತಪ್ಪು, ಔತಣದ ಪಾತ್ರೆಗೆ ಕೊಟ್ಟ ಬೆಲೆಯನ್ನು ಸಿಪಾಯಿಯ ಹೊಟ್ಟೆಗೆ ಕೊಡದೇ ಹೋದದ್ದು. ಈ ಅಳತೆಗೆ ಇಟ್ಟರೆ ಹಳೆಯ ತೀರ್ಪುಗಳು ಕೆಲವು ಅಲುಗಾಡುತ್ತವೆ. 1767ರಲ್ಲಿ ಪೇಶ್ವೆ ಮಾಧವರಾಯ ಬಂದಾಗ ಶಿರಾ ಕೋಟೆ ಕಾಯುತ್ತಿದ್ದ ಮೀರ್ ಅಲಿ ರಜಾ ಖಾನ್ ಕೋಟೆ ಒಪ್ಪಿಸಿಬಿಟ್ಟ. ಅವನು ಹೈದರಾಲಿಯ ಹೆಂಡತಿಯ ಅಣ್ಣತಮ್ಮಂದಿರಲ್ಲಿ ಒಬ್ಬ. ಅದೇ ದಂಡಯಾತ್ರೆಯಲ್ಲಿ ಮಧುಗಿರಿ ಕೋಟೆಯೂ ಬಿತ್ತು, ಅಲ್ಲಿ ಸೆರೆಯಲ್ಲಿದ್ದ ಬಿದನೂರಿನ ರಾಣಿ ವೀರಮ್ಮಾಜಿ ಬಿಡುಗಡೆಯಾದಳು. ದ್ರೋಹಿ ಎಂದು ಬೈಯುವುದು ಸುಲಭ. ಆದರೆ ಶಿರಾದ ಸಿಪಾಯಿಗಳು ದೊಡ್ಡೇರಿಯವರ ಹಾಗೆ ಹಸಿದು ಸಾಯಲಿಲ್ಲವಲ್ಲ ಎಂದೂ ಕೇಳಬೇಕು. ಹಾಗಂತ ಅವನನ್ನು ಹೊತ್ತು ಮೆರೆಸಲೂ ಆಗದು, ಯಾಕಂದ್ರೆ ಶಿರಾ ಬಿಟ್ಟದ್ದಕ್ಕೆ ಗುರ್ರಂಕೊಂಡೆಯನ್ನು ಪಡೆದುಕೊಂಡ. ಸಿಪಾಯಿಗಳಿಗಾಗಿ ಬಿಟ್ಟನೋ, ಗುರ್ರಂಕೊಂಡೆಗಾಗಿ ಬಿಟ್ಟನೋ! ಊರಿನ ಮಾತಿನಲ್ಲಿ ಹೇಳೋದಾದ್ರೆ ಕೋಟು ಕೊಟ್ಟು ಕಂಬಳಿ ಹೊದ್ದ.

ಗ್ರಾಮದ ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು. ಯುದ್ಧದ ಪಾಠ ಬಂದಾಗ ಇಸವಿ, ಗೆದ್ದವನು, ಸೋತವನು ಎಂದು ಬಾಯಿಪಾಠ ಮಾಡಿಸುವುದರ ಜೊತೆಗೆ ದಂಡಿಗೆ ದಿನಸಿ ಹೊತ್ತವರು ಯಾರು, ನೀರಿನ ಚರ್ಮದ ಚೀಲ ಹೊಲಿದವರು ಯಾರು, ಸತ್ತವರನ್ನು ಹೂತವರು ಯಾರು ಅಂತ ಮಕ್ಕಳನ್ನು ಕೇಳಿ. ನಮ್ಮ ಕೇರಿಗಳ ಮಕ್ಕಳಿಗೆ ಉತ್ತರ ಥಟ್ಟನೆ ಹೊಳೆಯುತ್ತದೆ.

ಸತ್ತವರ ಹೆಸರು ಕಲ್ಲಿನ ಮೇಲೆ ಉಳಿದದ್ದು ಎಲ್ಲೋ ಒಂದೆರಡು ಕಡೆ. 1818ರ ಜನವರಿ 1ರಂದು ಪುಣೆಯ ಹತ್ತಿರದ ಕೋರೆಗಾಂವ್‌ನಲ್ಲಿ ಪೇಶ್ವೆಯ ದಂಡಿನ ಎದುರು ಕಾದಿ ಸತ್ತ ಮಹಾರ್ ಸಿಪಾಯಿಗಳ ಹೆಸರು ಅಲ್ಲಿನ ಸ್ತಂಭದ ಮೇಲಿವೆ. ಒಂದರ ಕೆಳಗೊಂದು, 'ನಾಕ್' ಎಂದು ಮುಗಿಯುವ ಹೆಸರುಗಳು. ಬಾಬಾಸಾಹೇಬರು 1927ರಲ್ಲಿ ಅಲ್ಲಿಗೆ ಹೋಗಿ ನಿಂತದ್ದು ಆ ಹೆಸರುಗಳ ಎದುರು. ಕಂಪನಿ ಅದನ್ನು ನಿಲ್ಲಿಸಿದ್ದು ತನ್ನ ವಿಜಯಕ್ಕೆ ಎನ್ನುವುದನ್ನು ಮರೆಯಬಾರದು. 1890ರ ದಶಕದಲ್ಲಿ ಇಂಗ್ಲಿಷರು ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಆದರೂ ಹೆಸರು ಇದೆ.

ದೊಡ್ಡೇರಿಯ ಕತೆಯಲ್ಲಿ ಖಾಸಿಂ ಖಾನನ ಹೆಸರಿದೆ, ಖಾನಾಜಾದ್ ಖಾನನದಿದೆ, ಸಂತಾಜಿಯದಿದೆ, ಭರಮಪ್ಪನಾಯಕನದಿದೆ. ಕೆರೆ ನೀರು ಕುಡಿದು ಸತ್ತವರನ್ನು ಬರೆದವರು 'ಮೂರರಲ್ಲೊಂದು ಪಾಲು' ಎಂದರು. ಆ ಯುದ್ಧವನ್ನು ಗೆಲ್ಲಿಸಿಕೊಟ್ಟ ನಮ್ಮ ಸೀಮೆಯ ಬಂದೂಕಿನ ಆಳುಗಳನ್ನು ಕರೆದದ್ದು 'ಕಾಲಾ ಪಿಯಾದೆ' ಎಂದು. ಕರಿಯ ಕಾಲಾಳು ಎಂದರ್ಥ.