ರೋಗಿಯೇ ದಫ್ತರದಾರನಾದಾಗ

ಅಂಕೋಲೆಯಿಂದ ಮಣಿಪಾಲಕ್ಕೋ ಹುಬ್ಬಳ್ಳಿಗೋ ಚಿಕಿತ್ಸೆಗೆಂದು ಹೊರಡುವವರ ಕೈಯಲ್ಲಿ, ಕಾರವಾರದಿಂದ ಕಾಳಿನದಿಯನ್ನು ದಾಟಿ ಗೋವೆಯ ಬಾಂಬೋಳಿಗೆ ಹೋಗುವವರ ಕೈಯಲ್ಲಿ, ಒಂದು ಪ್ಲಾಸ್ಟಿಕ್ ಚೀಲವಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಔಷಧದ ಚೀಟಿ, ರಕ್ತಪರೀಕ್ಷೆಯ ವರದಿ, ಎಕ್ಸ್‌ರೇ ಚಿತ್ರ ಎಲ್ಲವೂ ಅದರಲ್ಲಿರುತ್ತವೆ. ಕಾರವಾರದಲ್ಲಿ 2016ರಿಂದ ವೈದ್ಯಕೀಯ ಕಾಲೇಜಿದ್ದರೂ ಈ ಅಲೆದಾಟ ತಪ್ಪಲಿಲ್ಲ. ಸುಸಜ್ಜಿತವಾದ ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ಚಳವಳಿಯನ್ನೇ ಹೂಡಿದರು. ಹೀಗಿರಲಾಗಿ ರೋಗಿಯ ಪೂರ್ವವೃತ್ತಾಂತವು ಯಾವ ಒಂದು ಆಸ್ಪತ್ರೆಯಲ್ಲಿಯೂ ಇಡಿಯಾಗಿ ದೊರೆಯದು. ದೊರೆತರೆ ಆ ಚೀಲದಲ್ಲಿಯೇ ದೊರೆಯಬೇಕು.

ಚೀಲದ ಸ್ಥಾನದಲ್ಲಿ ವಿದ್ಯುನ್ಮಾನ ಖಾತೆಯೊಂದನ್ನು ನಿಲ್ಲಿಸುವುದು ಕೇಂದ್ರ ಸರಕಾರದ ಯೋಜನೆ. 2020ರ ಆಗಸ್ಟಿನಲ್ಲಿ ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗಾರ್ಥವಾಗಿ ಆರಂಭವಾದ ಇದು 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಹೆಸರಿನಿಂದ ದೇಶಕ್ಕೆಲ್ಲ ವಿಸ್ತರಿಸಿತು. 14 ಅಂಕಿಗಳ ‘ಆಭಾ’ ಸಂಖ್ಯೆಯನ್ನು ಪಡೆದವನು ತನ್ನ ದಾಖಲೆಗಳನ್ನು ಮೊಬೈಲಿನಲ್ಲಿ ಕೂಡಿಸಿಕೊಳ್ಳಬಹುದು. ಇದರ ದಾಖಲೆಗಳನ್ನು ರೋಗಿಯೇ ನಿರ್ವಹಿಸುತ್ತಾನೆಂಬುದು ಇದರ ಹೆಗ್ಗಳಿಕೆ. ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದೇ ನಮ್ಮ ವಿಚಾರ.

ಮುಂಬಯಿ ಆಡಳಿತದಲ್ಲಿ 1862ರಿಂದ 1956ರ ವರೆಗೆ ಇದ್ದ ಈ ಜಿಲ್ಲೆಗೆ ‘ದಫ್ತರ’ವೆಂಬ ಶಬ್ದವನ್ನು ಪರಿಚಯಿಸಬೇಕಾಗಿಲ್ಲ. ಹೊಸ ವ್ಯವಸ್ಥೆಯಲ್ಲಿ ರೋಗಿಯು ತನ್ನ ದೇಹದ ದಫ್ತರದಾರ. ಆದರೆ ಕಾಗದಗಳು ಅವನ ಬಳಿಯಲ್ಲಿಲ್ಲ. ಅವು ಹುಟ್ಟಿದ ಆಸ್ಪತ್ರೆಗಳಲ್ಲಿಯೇ ಉಳಿಯುತ್ತವೆ. ಯಾರಿಗೆ, ಎಷ್ಟು ಕಾಲ ತೋರಿಸಬೇಕೆಂಬ ಸಮ್ಮತಿ ಮಾತ್ರ ಅವನದು. ವೈದ್ಯರು ಗಣಕಯಂತ್ರದಲ್ಲಿ ಬರೆಯದಿದ್ದರೆ ಅವನ ಖಾತೆ ಬರಿದೇ. ಹಳೆಯ ಚೀಟಿಗಳ ಚಿತ್ರ ತೆಗೆದು ತಾನೇ ಸೇರಿಸಲು ಅವಕಾಶವುಂಟು, ನಿಜ. ಆದರೆ ರೋಗಿಯೇ ಕುಳಿತು ತುಂಬಬೇಕಾದ ಖಾತೆಗಳ ಗತಿಯನ್ನು ಹೊರದೇಶಗಳಲ್ಲಿ ನೋಡಿದ್ದಾಗಿದೆ: ಗೂಗಲ್ ಸಂಸ್ಥೆಯು 2008ರಲ್ಲಿ ತೆರೆದದ್ದು 2012ರ ಆರಂಭದಲ್ಲಿ ಮುಚ್ಚಿತು, ಮೈಕ್ರೋಸಾಫ್ಟ್‌ನವರು 2007ರಲ್ಲಿ ತೆರೆದದ್ದು 2019ರಲ್ಲಿ ನಿಂತಿತು.

ಇದಕ್ಕೆ ಪ್ರತಿಯಾಗಿ ನಮ್ಮಲ್ಲಿಯೇ ಇರುವ ‘ತಾಯಿ ಕಾರ್ಡ’ನ್ನು ನೋಡಬೇಕು. ಗರ್ಭಿಣಿಯ ಹೆಸರನ್ನು ನೋಂದಾಯಿಸಿದಾಗ ಕೊಡುವ ಈ ಪುಸ್ತಿಕೆಯಲ್ಲಿ ತೂಕ, ರಕ್ತದೊತ್ತಡ, ಚುಚ್ಚುಮದ್ದು, ಮುಂದೆ ಮಗುವಿನ ಲಸಿಕೆ ಎಲ್ಲವೂ ದಾಖಲಾಗುತ್ತವೆ. ಬರೆಯುವವರು ದಾದಿಯರು, ವೈದ್ಯರು, ಕಾಪಾಡುವವಳು ತಾಯಿ. ಅದರಲ್ಲಿ ಕನ್ನಡವಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಬರೆದವರು ತಾಯಿಯ ಕಣ್ಣೆದುರಿಗೇ ಬರೆಯುತ್ತಾರೆ. ತಪ್ಪು ಕಂಡರೆ ಅವಳು ಅಲ್ಲಿಯೇ ಬಾಯಿ ತೆರೆಯಬಹುದು. ಆಭಾ ಖಾತೆಯ ಗುಂಡಿಗಳು ಯಾವ ಭಾಷೆಯಲ್ಲಿಯೇ ಇರಲಿ, ಒಳಗಣ ವರದಿಗಳು ಬಹುಮಟ್ಟಿಗೆ ಇಂಗ್ಲಿಷಿನವು. ಮನೆಮಂದಿಗೆಲ್ಲ ಒಂದೇ ಮೊಬೈಲಿದ್ದು ಅದು ಮಗನ ಕಿಸೆಯಲ್ಲಿದ್ದರೆ ಸಮ್ಮತಿ ಯಾರದೆಂಬ ಪ್ರಶ್ನೆಯೂ ಏಳುತ್ತದೆ.

ಹಾಗೆಂದು ನಾವು ಕಾಗದದ ಪಕ್ಷಪಾತಿಗಳಲ್ಲ. 2019ರ ಆಗಸ್ಟಿನಲ್ಲಿ ಕದ್ರಾ ಜಲಾಶಯದ ನೀರು ಕಾಳಿಯ ದಂಡೆಯ ಊರುಗಳಿಗೆ ನುಗ್ಗಿತು. ಅದೇ ಮಳೆಯಲ್ಲಿ ಗಂಗಾವಳಿಯು ಅಂಕೋಲೆ ತಾಲೂಕಿನ ಹಳ್ಳಿಗಳನ್ನು ಮುಳುಗಿಸಿತು. ಮಾಡಿನ ವರೆಗೆ ನೀರು ಬಂದ ಮನೆಯಲ್ಲಿ ಯಾವ ಚೀಲ ಉಳಿದೀತು? ದೂರದ ಯಂತ್ರದಲ್ಲಿರುವ ಪ್ರತಿಗೆ ನೆರೆಯ ಭಯವಿಲ್ಲ. ಈ ಒಂದು ಕಾರಣಕ್ಕಾದರೂ ಹೊಸ ಖಾತೆ ಬೇಕು.

ಉಳಿಯುವುದು ತಿದ್ದುಪಡಿಯ ಪ್ರಶ್ನೆ. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಇದೇ ಮುಖ್ಯವಾಗಿ ತೋರುತ್ತದೆ. ರಕ್ತದ ಗುಂಪನ್ನೋ, ಒಗ್ಗದ ಔಷಧದ ಹೆಸರನ್ನೋ ಒಂದೆಡೆ ತಪ್ಪಾಗಿ ಬರೆದರೆ ಆ ತಪ್ಪು ಈಗ ಬಾಂಬೋಳಿಗೂ ಮಣಿಪಾಲಕ್ಕೂ ಒಂದೇ ಕ್ಷಣದಲ್ಲಿ ತಲಪುತ್ತದೆ. ರೋಗಿಯು ಅದನ್ನು ಅಳಿಸಬಹುದೇ? ಅಳಿಸಬಾರದೆಂದೇ ನಮ್ಮ ಮತ. ಶಾಸನದಲ್ಲಿ ಲಿಪಿಕಾರನ ಸ್ಖಾಲಿತ್ಯ ಕಂಡರೆ ನಾವು ಕಲ್ಲನ್ನು ಕೆತ್ತುವುದಿಲ್ಲ. ಪಾಠವನ್ನು ಇದ್ದಂತೆಯೇ ಕೊಟ್ಟು ಕೆಳಗೆ ಟಿಪ್ಪಣಿ ಬರೆಯುತ್ತೇವೆ. ತಿದ್ದಿದ ಕೈ ಯಾವುದೆಂದು ತಿಳಿಯದ ದಾಖಲೆಯನ್ನು ವೈದ್ಯನೂ ನಂಬಲಾರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ತಿದ್ದುಪಡಿಯ ಹಕ್ಕನ್ನೇನೋ ಹೇಳುತ್ತದೆ. ಆದರೆ ತಿದ್ದಬೇಕಾದ ಆಸ್ಪತ್ರೆಯು ಒಪ್ಪದಿದ್ದರೆ ರೋಗಿಯ ಮಾತು ಎಲ್ಲಿ ನಿಲ್ಲಬೇಕು? ಅಮೆರಿಕೆಯಲ್ಲಿ 1996ರ ಕಾಯಿದೆಯ ಮೇರೆಗೆ ರಚಿತವಾದ ನಿಯಮಗಳು ಇಂತಹ ಸಂದರ್ಭದಲ್ಲಿ ರೋಗಿಯ ಲಿಖಿತ ಭಿನ್ನಮತವನ್ನು ಮೂಲ ದಾಖಲೆಗೇ ಲಗತ್ತಿಸಲು ಎಡೆಗೊಟ್ಟಿವೆ. ಆಭಾ ಖಾತೆಯಲ್ಲಿಯೂ ಪ್ರತಿಯೊಂದು ವರದಿಯ ಅಡಿಯಲ್ಲಿ ಅಂತಹ ನಾಲ್ಕು ಸಾಲಿನ ಸ್ಥಳವಿರಬೇಕು. ಅಲ್ಲಿ ಅಂಕೋಲೆಯ ರೋಗಿ ಕನ್ನಡದಲ್ಲಿ ಬರೆದದ್ದು ಬಾಂಬೋಳಿಯ ವೈದ್ಯನಿಗೂ ಕಾಣಬೇಕು.