‘ಶೀಲ ಶಂಕಿಸಿ’ ಎಂಬ ಎರಡು ಪದ

‘ಶೀಲ ಶಂಕಿಸಿ ಪತ್ನಿಯ ಕೊಲೆ’. ಕನ್ನಡ ಪತ್ರಿಕೆ ಓದುವ ಯಾರಿಗೂ ಈ ತಲೆಬರಹ ಹೊಸದಲ್ಲ. ನಾನು ಕನ್ನಡ ಪಾಠ ಮಾಡುವವಳು. ವಾಕ್ಯ ಕಂಡರೆ ಕರ್ತೃ ಯಾರು, ಕ್ರಿಯೆ ಯಾವುದು ಎಂದು ಕೇಳುವುದು ನನ್ನ ಕಸುಬು. ಈ ವಾಕ್ಯದಲ್ಲಿ ಕೊಂದವನಿಲ್ಲ, ಶಂಕಿಸಿದವನೂ ಇಲ್ಲ. ಇರುವುದು ಅವಳ ಶೀಲ, ಆಮೇಲೆ ಅವಳ ಹೆಣ. ಕೊಲೆಗಿಂತ ಮೊದಲೇ ಕಾರಣ ಬಂದು ಕೂತುಬಿಟ್ಟಿದೆ. ಹಾಗಾಗಿ ಓದುಗ ಕೊಲೆಯವರೆಗೆ ತಲುಪುವ ಹೊತ್ತಿಗೆ ಸತ್ತವಳ ವಿಚಾರಣೆ ಅರ್ಧ ಮುಗಿದಿರುತ್ತದೆ. ಬೆಂಕಿ ಇಲ್ಲದೆ ಹೊಗೆ ಆಡ್ತದಾ ಅಂತ ಟೀ ಅಂಗಡಿಯಲ್ಲಿ ಯಾರೋ ಅಂದರೆ ಉಳಿದರ್ಧವೂ ಮುಗಿಯಿತು.

ಇದರ ಜೊತೆಯದೇ ‘ಕೌಟುಂಬಿಕ ಕಲಹ’. ಕಲಹ ಅಂದರೆ ಇಬ್ಬರೂ ಸಮಸಮ ಕಾದಾಡಿದರು ಅಂತ ಅರ್ಥ. ಒಬ್ಬರು ಹೊಡೆದು ಒಬ್ಬರು ತಿಂದದ್ದಕ್ಕೆ ಆ ಪದ ಹೇಗೆ ಒಪ್ಪುತ್ತದೆ? ಆದರೂ ಒಪ್ಪಿಸಿದ್ದೇವೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಗಾದೆಯನ್ನೂ ಕಟ್ಟಿದ್ದೇವೆ. (ಈ ಗಾದೆ ಕಟ್ಟಿದವರು ಉಂಡವರೇ ಇರಬೇಕು, ಬಡಿಸಿದವಳಂತೂ ಅಲ್ಲ.)

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಇದೇಕೆ ಎಂದು ಕೇಳುವವರಿದ್ದಾರೆ. ಕೇಳಿಯೂ ಆಗಿದೆ. ಈ ವಿಷಯ ಬರೆಯುತ್ತೇನೆಂದಾಗ ಚಳವಳಿಯಲ್ಲಿ ಬಹಳ ವರ್ಷ ದುಡಿದ, ನಾನು ಗೌರವಿಸುವ ಹಿರಿಯರೊಬ್ಬರು, “ಈಗ ಇದ ಬರೀಬ್ಯಾಡ ಕನವ್ವ, ಅವರ ಕೈಗೆ ನಾವೇ ದೊಣ್ಣೆ ಕೊಟ್ಟಂಗಾಯ್ತದೆ” ಅಂದರು. ಅವರ ಅಂಜಿಕೆ ಸುಳ್ಳಲ್ಲ. ಕೇರಿಯ ಗಂಡಸರು ಕುಡೀತಾರೆ, ಹೆಂಡಿರನ್ನ ಬಡೀತಾರೆ, ಅವರ ಜನವೇ ಹಾಗೆ ಅನ್ನುವ ಮಾತನ್ನು ಸವರ್ಣೀಯರ ಬಾಯಲ್ಲಿ ನಾನೂ ಕೇಳಿ ಬೆಳೆದವಳು. ಕೇರಿಯ ಮನೆಗಳಿಗೆ ಒಂದೇ ಗೋಡೆ. ಒಬ್ಬಳು ಕಿರುಚಿದರೆ ಹತ್ತು ಮನೆಗೆ ಕೇಳುತ್ತದೆ. ಕಾಂಪೌಂಡಿನೊಳಗಿನ ಮನೆಯಲ್ಲಿ ಟಿವಿ ಸದ್ದು ಜಾಸ್ತಿ ಮಾಡಿದರೆ ಸಾಕು, ಸಂಸಾರ ಮರ್ಯಾದಸ್ಥರದಾಗಿ ಉಳಿಯುತ್ತದೆ.

ಲೆಕ್ಕವನ್ನೇ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು (2019-21) ಏಳು ಕಾರಣಗಳನ್ನು ಮುಂದಿಟ್ಟು, ಇವುಗಳಲ್ಲಿ ಯಾವುದಕ್ಕಾದರೂ ಗಂಡ ಹೊಡೆಯುವುದು ಸರಿಯೇ ಎಂದು ಕೇಳಿತು. ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ನೋಡಿಕೊಳ್ಳದಿದ್ದರೆ, ಎದುರು ಮಾತಾಡಿದರೆ, ಹಾಸಿಗೆಗೆ ಒಲ್ಲೆ ಎಂದರೆ, ಅಡುಗೆ ಕೆಟ್ಟರೆ, ನಡತೆಯ ಮೇಲೆ ಅನುಮಾನ ಬಂದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ. ಒಂದಕ್ಕಾದರೂ ಹೌದು ಅಂದವರು ಕರ್ನಾಟಕದಲ್ಲಿ ಹೆಂಗಸರು ಶೇ. 77ರಷ್ಟು, ಗಂಡಸರು ಶೇ. 82ರಷ್ಟು. ಮದುವೆಯಾದ ಹೆಂಗಸರಲ್ಲಿ ಗಂಡನ ಹಿಂಸೆ ಕಂಡವರು ಶೇ. 44. ಪರಿಶಿಷ್ಟ ಜಾತಿಯ ಜನ 2011ರ ಜನಗಣತಿಯಂತೆ ಈ ರಾಜ್ಯದ ಶೇ. 17ರಷ್ಟು ಮಾತ್ರ. ಹೊಡೆಯುವುದು ಸರಿ ಅಂದವರ ಪಟ್ಟಿಗೆ ಕೇರಿಯವರನ್ನೆಲ್ಲ ಸೇರಿಸಿದರೂ ಮಿಕ್ಕವರು ಯಾವ ಬೀದಿಯವರು? ಅಗ್ರಹಾರ, ಗೌಡರ ಹಟ್ಟಿ, ನಗರದ ಬಡಾವಣೆ ಎಲ್ಲ ಕಡೆಯಿಂದ ಬಂದು ಈ ಲೆಕ್ಕ ತುಂಬಿಸಿದ್ದಾರೆ. ಆದ್ದರಿಂದ ಹಿರಿಯರು ಹೇಳಿದ ದೊಣ್ಣೆಯನ್ನು ಅವರ ಕೈಗೆ ನಾವು ಕೊಡಬೇಕಿಲ್ಲ, ಅದು ಮೊದಲಿನಿಂದ ಅವರ ಮನೆಯಲ್ಲೇ ಇದೆ.

ಇಷ್ಟು ಹೇಳಿ ಹಗುರಾದರೆ ಅರ್ಧ ಮಾತು ನುಂಗಿದಂತೆ. ನನ್ನ ತಕರಾರು ನಮ್ಮ ವಿಮರ್ಶೆಯ ಜೊತೆಗೂ ಇದೆ. ದಲಿತ ಬರಹದಲ್ಲಿ ಏಟು ತಿನ್ನುವ ಹೆಣ್ಣು ಬಂದಾಗ ನಾವು ಏನು ಬರೆಯುತ್ತೇವೆ? ಧಣಿಯ ಹೊಲದಲ್ಲಿ ಅವಮಾನ ಉಂಡ ಗಂಡಸು ಆ ಸಿಟ್ಟನ್ನು ಹೆಂಡತಿಯ ಬೆನ್ನ ಮೇಲೆ ತೀರಿಸಿಕೊಳ್ಳುತ್ತಾನೆ, ಇದು ವ್ಯವಸ್ಥೆಯ ಕ್ರೌರ್ಯ ಎನ್ನುತ್ತೇವೆ. ಮಾತು ಸುಳ್ಳಲ್ಲ. ಆದರೆ ಅದೇ ಹೊಲದಲ್ಲಿ ಅವಳೂ ದುಡಿದಿರುತ್ತಾಳೆ. ಕೂಲಿ ಅವನಿಗಿಂತ ಕಡಿಮೆ, ಅದೇ ಧಣಿಯ ಬೈಗುಳ, ಬೈಗುಳದ ಜೊತೆಗೆ ಧಣಿಯ ಕಣ್ಣು ಬೇರೆ. ಆ ಸಿಟ್ಟನ್ನು ಅವಳು ಯಾರ ಬೆನ್ನ ಮೇಲೆ ತೀರಿಸಿಕೊಳ್ಳಬೇಕು? ಹಿರಿಯರನ್ನು ನಾನು ಕೇಳಿದ್ದು ಇದನ್ನೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಟೀ ಹೇಳಿದರು.

ತಮಿಳಿನ ಬಾಮಾ ಅವರ ‘ಸಂಗತಿ’ (1994) ಈ ವಿಷಯದಲ್ಲಿ ನಮ್ಮ ಅನೇಕ ವಿಮರ್ಶಾ ಲೇಖನಗಳಿಗಿಂತ ಮುಂದಿದೆ. ಗಂಡಸರ ಸಿಟ್ಟಿಗೆ ಈ ವಿವರಣೆಯನ್ನು ಬಾಮಾ ಕೂಡ ಕೊಡುತ್ತಾರೆ. ಆದರೆ ವಿವರಣೆಯನ್ನು ರಿಯಾಯಿತಿ ಮಾಡುವುದಿಲ್ಲ. ಅಲ್ಲಿನ ಮರಿಯಮ್ಮನ ಪ್ರಸಂಗ ನೋಡಿ. ಸೌದೆ ಹೊತ್ತು ಬರುವ ಹುಡುಗಿ ಪಂಪ್‌ಸೆಟ್ಟಿನ ಹತ್ತಿರ ನೀರು ಕುಡಿಯಲು ನಿಂತಾಗ ಮೇಲ್ಜಾತಿಯ ಜಮೀನುದಾರ ಅವಳ ಮೇಲೆ ಕೈಹಾಕುತ್ತಾನೆ. ಅವಳು ತಪ್ಪಿಸಿಕೊಂಡು ಓಡುತ್ತಾಳೆ. ಎಲ್ಲಿ ತನ್ನ ಮಾನ ಹೋಗುತ್ತದೋ ಎಂದು ಅವನೇ ಮೊದಲು ಹೋಗಿ, ಈ ಹುಡುಗಿ ಮಾಣಿಕ್ಕಂ ಜೊತೆ ಕೆಟ್ಟದಾಗಿ ನಡೆದುಕೊಂಡದ್ದನ್ನು ಕಂಡೆ ಅಂತ ಕೇರಿಯ ಮುಖಂಡನಿಗೆ ದೂರು ಹೇಳುತ್ತಾನೆ. ಪಂಚಾಯ್ತಿ ಸೇರುತ್ತದೆ. ನಿಜ ಗೊತ್ತಿದ್ದ ಹೆಂಗಸರಿಗೆ ಅಲ್ಲಿ ಬಾಯಿಲ್ಲ. ದಂಡ ಇಬ್ಬರಿಗೂ ಬೀಳುತ್ತದೆ, ಅವನಿಗಿಂತ ಅವಳಿಗೆ ಹೆಚ್ಚು. ಮುಂದೆ ಅದೇ ಮಾಣಿಕ್ಕಂಗೇ ಅವಳನ್ನು ಕಟ್ಟುತ್ತಾರೆ. ಅವನೋ ಕುಡಿದು ಬಂದು ಬಡಿಯುತ್ತಾನೆ.

ಇಲ್ಲಿ ಜಾತಿ ಎಲ್ಲಿ ಮುಗಿಯಿತು, ಗಂಡಸುತನ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಬರುವುದಿಲ್ಲ. ಜಮೀನುದಾರನ ಸುಳ್ಳಿಗೆ ಬಲ ಬಂದದ್ದು ಅವನ ಜಾತಿಯಿಂದ. ಆ ಸುಳ್ಳನ್ನು ನಂಬುವುದು ನಮ್ಮವರಿಗೆ ಅಷ್ಟು ಸಲೀಸಾದದ್ದು ಯಾಕೆ? ಹೆಣ್ಣಿನ ಮೇಲೆ ಮೊದಲು ಅನುಮಾನ ಪಡಬೇಕೆಂಬ ಪಾಠ ಎಲ್ಲರಿಗೂ ಆಗಲೇ ಬಾಯಿಪಾಠ ಆಗಿತ್ತಲ್ಲ! ತಲೆಬರಹದ ಆ ಎರಡು ಪದ ಇಲ್ಲಿ ತೀರ್ಪಿನ ರೂಪದಲ್ಲಿ ಬಂದಿವೆ.

‘ಅಷ್ಟು ಕಷ್ಟ ಇದ್ದರೆ ಬಿಟ್ಟು ಬರಬಹುದಿತ್ತಲ್ಲ?’ ಎಂಬುದು ಇನ್ನೊಂದು ಪ್ರಶ್ನೆ. ಕೇಳುವುದಕ್ಕೆ ಕನಿಕರದಂತೆ ಕಾಣುತ್ತದೆ. ತರಗತಿಯಲ್ಲಿ ‘ಕೆರೆಗೆ ಹಾರ’ ಮಾಡುವಾಗ ಪ್ರತಿವರ್ಷ ಯಾರಾದರೊಬ್ಬರು ಕೇಳುತ್ತಾರೆ: ಭಾಗೀರಥಿ ಓಡಿ ಹೋಗಬಹುದಿತ್ತಲ್ಲ ಮೇಡಂ? ಮಾವ ಕಟ್ಟಿಸಿದ ಕೆರೆಗೆ ನೀರು ಬರಲೆಂದು ಮನೆಯವರೇ ಕಿರಿಸೊಸೆಯನ್ನು ಬಲಿ ಕೊಟ್ಟ ಕತೆ ಅದು. ನಮ್ಮ ಜಾನಪದ ವಿಮರ್ಶೆ ಬಹಳ ಕಾಲ ಅದನ್ನು ‘ತ್ಯಾಗ’ ಎಂದು ಕೊಂಡಾಡಿತು. ಕೊಂದವರ ಕೆಲಸಕ್ಕೆ ಸತ್ತವಳ ಗುಣದ ಹೆಸರು! ಪದ್ಯವನ್ನು ಸರಿಯಾಗಿ ಕೇಳಿಸಿಕೊಂಡರೆ ಅವಳು ಸುಮ್ಮನೆ ಕೂತವಳಲ್ಲ. ತವರಿಗೆ ಹೋಗುತ್ತಾಳೆ, ಗೆಳತಿಯ ಮನೆಗೆ ಹೋಗುತ್ತಾಳೆ. ಸಿಗುವುದು ಸಹಿಸಿಕೊಳ್ಳುವ ಬುದ್ಧಿಮಾತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುವ ಊರಲ್ಲಿ ಓಡಿ ಎಲ್ಲಿಗೆ ಹೋಗುವುದು? ಮಕ್ಕಳಿಗೆ ನಾನು ಈಗ ಪ್ರಶ್ನೆ ತಿರುಗಿಸಿ ಕೊಡುತ್ತೇನೆ: ಬಾಗಿಲು ತೆಗೆಯಬಹುದಾಗಿದ್ದವರು ಯಾರು ಯಾರು, ಪಟ್ಟಿ ಮಾಡಿ.

ಓಡಿದವರ ಗತಿ ತಿಳಿಯಬೇಕಾದರೆ ಮರಾಠಿಯ ಬೇಬಿ ಕಾಂಬಳೆ ಅವರ ‘ಜಿಣ ಆಮುಚ’ (1986) ಓದಬೇಕು. ಹಿಂಸೆ ತಾಳದೆ ಓಡಿಹೋದ ಮಹಾರ್ ಸೊಸೆಯರನ್ನು ಹಿಡಿದು ತಂದು, ಮರದ ಭಾರೀ ಕೊರಡಿಗೆ ತೂತು ಕೊರೆಸಿ ಕಾಲಿಗೆ ತೊಡಿಸುತ್ತಿದ್ದರು. ಆ ಕೊರಡು ಎಳೆದುಕೊಂಡೇ ಅವಳು ಮನೆಗೆಲಸ ಮಾಡಬೇಕು. ಮಗನನ್ನು ಎತ್ತಿಕಟ್ಟಿ ಸೊಸೆಯ ಮೂಗು ಕೊಯ್ಯಿಸಿದ್ದನ್ನೂ ಕಾಂಬಳೆ ಬರೆಯುತ್ತಾರೆ. ಅಂಬೇಡ್ಕರರನ್ನು ಎದೆಯಲ್ಲಿಟ್ಟುಕೊಂಡ ಲೇಖಕಿ ಅವರು. ಸಮುದಾಯಕ್ಕೆ ಇದರಿಂದ ಮಾನ ಹೋಗುತ್ತದೆ ಅಂತ ಅವರಿಗೆ ಅನ್ನಿಸಲಿಲ್ಲ.

ಅವರ ಸ್ವಂತ ವಿಚಾರ ಮಾತ್ರ ಪುಸ್ತಕದಲ್ಲಿಲ್ಲ. ಗಂಡ ಅನುಮಾನಿಸುತ್ತಿದ್ದುದು, ಹೊಡೆಯುತ್ತಿದ್ದುದು, ಬರೆದ ಹಾಳೆಗಳನ್ನು ಇಪ್ಪತ್ತು ವರ್ಷ ಬಚ್ಚಿಟ್ಟದ್ದು ಹೊರಬಂದದ್ದು ಇಂಗ್ಲಿಷ್ ಅನುವಾದಕಿ ಮಾಯಾ ಪಂಡಿತ್ ಅವರ ಜೊತೆಗಿನ ಮಾತುಕತೆಯಲ್ಲಿ. ಅನುವಾದ ಪ್ರಕಟವಾದದ್ದು 2008ರಲ್ಲಿ. ಅದು ತನ್ನೊಬ್ಬಳ ಪಾಡಲ್ಲ, ಹೆಚ್ಚಿನ ಹೆಂಗಸರ ಪಾಡು ಅನ್ನುವ ಅರ್ಥದಲ್ಲಿ ಅವರು ಮಾತಾಡುತ್ತಾರೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಇಲ್ಲಿ ಯಾರೂ ಕೇಳಕೂಡದು. ಠಾಣೆಯಲ್ಲಿ ಬರೆಯುವವನು ಕೇಳುವುದೂ ಅದನ್ನೇ. ಇಪ್ಪತ್ತು ವರ್ಷ ಹಾಳೆ ಬಚ್ಚಿಟ್ಟವಳ ಕೃತಿಯಲ್ಲಿ ಬರೆಯದೆ ಉಳಿದದ್ದನ್ನೂ ಓದಲು ಬರದಿದ್ದರೆ ವಿಮರ್ಶೆ ಅನ್ನುವುದು ಯಾತಕ್ಕೆ?

1942ರ ಜುಲೈನಲ್ಲಿ ನಾಗಪುರದ ದಲಿತ ಮಹಿಳಾ ಸಮ್ಮೇಳನದಲ್ಲಿ ಅಂಬೇಡ್ಕರ್, ಹೆಂಡತಿ ಗಂಡನಿಗೆ ಗೆಳತಿಯಾಗಿ ಸಮನಾಗಿ ನಿಲ್ಲಬೇಕು, ಗುಲಾಮಳಾಗಲು ಒಪ್ಪಬಾರದು ಎಂದರು. ಈ ಭಾಷಣವನ್ನು ಏಪ್ರಿಲ್ 14ರಂದು ಉದ್ಧರಿಸುವ ಅನೇಕರು ನಡುವಿನ ಈ ಮಾತನ್ನು ಹಾರಿಸುತ್ತಾರೆ. ಇದು ನಾನು ಕಂಡದ್ದು.

ಕೊನೆಗೆ ಇನ್ನೊಂದು ಸಂಗತಿ. ನಮ್ಮಂಥ ಎಷ್ಟೋ ಜಾತಿಗಳಲ್ಲಿ ಹೆಣ್ಣಿಗೆ ಗಂಡನನ್ನು ಬಿಡುವ ದಾರಿ ಇತ್ತು. ಉತ್ತರ ಕರ್ನಾಟಕದ ಕಡೆ ಸೋಡಚೀಟಿ, ಉಡಿಕೆ ಅಂದರು, ನಮ್ಮ ಕಡೆ ಕೂಡಾವಳಿ. ಅದು ಸ್ವರ್ಗವೇನಲ್ಲ, ಅದರಲ್ಲೂ ಪಂಚಾಯ್ತಿ, ದಂಡ, ಕೊಂಕು ಎಲ್ಲ ಇದ್ದವು. ಆದರೂ ಅದೊಂದು ಬಾಗಿಲು. 1955ರ ಹಿಂದೂ ವಿವಾಹ ಕಾಯ್ದೆ ಕೂಡ ರೂಢಿಯ ಬಿಡುಗಡೆಯನ್ನು ಉಳಿಸಿಕೊಂಡಿತು. ನಾವು ಮಾತ್ರ ಓದಿ, ನೌಕರಿ ಹಿಡಿದು, ಮೇಲಿನವರನ್ನು ನೋಡಿ ಆ ಬಾಗಿಲಿಗೆ ನಾಚಿಕೆಯ ಇಟ್ಟಿಗೆ ಜೋಡಿಸಿದೆವು. 2005ರ ಕೌಟುಂಬಿಕ ಹಿಂಸೆಯ ಕಾಯ್ದೆಯಡಿ ರಕ್ಷಣಾಧಿಕಾರಿಗೆ ದೂರು ಕೊಡಬಹುದು, ವಾಸದ ಮನೆಯಿಂದ ಹೊರಗೆ ಹಾಕದಂತೆ ಆದೇಶ ಪಡೆಯಬಹುದು ಎಂದು ನನಗೆ ಗೊತ್ತಿರುವ ಒಬ್ಬಾಕೆಗೆ ಹೇಳಿದೆ. ಅವಳ ಅಜ್ಜಿ ಮೊದಲ ಗಂಡನ ಏಟು ತಾಳದೆ ಬಿಟ್ಟು ಬಂದು ಕೂಡಾವಳಿಯಾದವಳು, ಕೇರಿಯಲ್ಲಿ ತಲೆಯೆತ್ತಿ ಬಾಳಿದವಳು. ಮೊಮ್ಮಗಳು ಎಂ.ಎ. ಓದಿದ್ದಾಳೆ. “ನಮ್ಮದು ಮರ್ಯಾದಸ್ಥರ ಮನೆ ಅಕ್ಕ, ಜನ ಏನಂತಾರೆ” ಅಂದಳು. ಕೆನ್ನೆಯ ಊತಕ್ಕೆ ಹಲ್ಲುನೋವು ಅಂತ ಆಫೀಸಿನಲ್ಲಿ ಹೇಳಿಕೊಂಡಿದ್ದಳು. ಅವರು ನಂಬಿದ್ದರು, ಅಥವಾ ನಂಬಿದಂತೆ ಇದ್ದರು.